ರೆಕ್ಕೆಯೊಳಗಿನ ರೇಷ್ಮೆ ಎಳೆ

ಇಳಕಲ್ಲ, ಭಾನುವಾರ

ಅವ್ವಾ,

ನೀನು ಅಕ್ಕನ ಬಾಣಂತನ ಮುಗಿಸಿ ಕೆರೂರಿನಿಂದ ಬರುವವರೆಗೆ ತಡೆಯಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶೆಡ್ಡಿನಲ್ಲಿ ನಾನು ಕಟ್ಟುತ್ತಿರುವ ಎರಡು ಸೀಟಿನ ವಿಮಾನದ ರೆಕ್ಕೆಯೊಳಗೆ ಕೊಳವೆ ಕೂರಿಸಿ, ದೀಪದ ವೈರು ಎಳೆಯುವ ಮೊದಲೇ ಮೇಲೆ ಬಟ್ಟೆ ಅಂಟಿಸಿಬಿಟ್ಟಿದ್ದೆ. ವೈರು ತಳ್ಳಿದರೆ ನಡುವೆಯೇ ಸಿಕ್ಕಿಕೊಂಡಿತು. ಬಟ್ಟೆ ಕತ್ತರಿಸಿ ತೆಗೆಯಲು ಕತ್ತರಿ ಹಿಡಿದೆ. ಎರಡು ವರ್ಷ ಶೆಡ್ಡಿನತ್ತ ತಲೆಹಾಕದ ಅಪ್ಪ ಮಗ್ಗ ಬಿಟ್ಟು ಓಡಿಬಂದ: "ಅರಿವಿ ಕತ್ತರಸಬ್ಯಾಡವಾ!"

ರೇಷ್ಮೆ ಎಳೆಗೆ ಹತ್ತಿಯ ಚೂರು ಕಟ್ಟಿ ಕೊಳವೆಯ ಒಂದು ತುದಿಗಿಟ್ಟ. ಇನ್ನೊಂದು ತುದಿಗೆ ಬಾಯಿಟ್ಟು, ನೇಯುವಾಗ ಲಾಳಿಯ ಕಣ್ಣಿಂದ ನೂಲು ಹೀರುವಂತೆ ಹೀರಿದ. ಎಳೆ ಬಂತು, ಅದಕ್ಕೆ ಕಟ್ಟಿದ ವೈರೂ ಬಂತು, ದೀಪ ಹತ್ತಿತು!

ಆಗಿನಿಂದ ಅಪ್ಪ ವಿಮಾನದಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಇಳಿದಿಲ್ಲ. "ಹಾರಾಕ ಮೊದಲ ಪಾಳಿ ನಂದು, ನಿಮ್ಮವ್ವಗ ಬರಿ" ಎನ್ನುತ್ತಾನೆ.

ಕೂಸಿಗೆ ಹೊಲಿದಂಥದ್ದೇ ಕಿವಿ ಮುಚ್ಚುವ ಕುಲಾವಿ ಅಪ್ಪನಿಗೂ ಒಂದು ಹೊಲಿದು ತಾ. ಮೇಲೆ ಗಾಳಿ ಜೋರಿರುತ್ತದೆ.

ನಿನ್ನ
ವಿದ್ಯಾ