ಪಾಳು ಬಸದಿಗೆ ಬಂದ ಗುಬ್ಬಿಗಳು

ಹುನ್ನೂರ
ತಾ. ೯ ಮೇ ೧೯೩೬

ಪ್ರೀತಿಯ ಆಯಿಗೆ ಮೊಮ್ಮಗಳು ಬ್ರಾಹ್ಮಿಯ ಜಯ ಜಿನೇಂದ್ರ.

ನಿನಗೆ ಓದಲು ಬಾರದ್ದರಿಂದ ಇದನ್ನು ಹೀರಾ ಅತ್ತೆಯೇ ಓದಿ ಹೇಳಬೇಕು. ಅತ್ತೆ, ಕೈ ಮುಗಿಯುತ್ತೇನೆ, ಯಾವ ಸಾಲನ್ನೂ ನುಂಗಬೇಡ. ಆಯಿ, ಶಾವಿಗೆ ಹೊಸೆಯಲು ಜನ ಸಾಲದೆಂದು ನಿನ್ನನ್ನು ತೇರದಾಳಕ್ಕೆ ಕರೆಸಿಕೊಂಡಿದ್ದು ಬರೀ ನೆವ. ಈ ವಾರ ನೀನು ಊರಲ್ಲಿರಬಾರದೆಂದು ಅಪ್ಪ ಹೂಡಿದ ಆಟ ಅದು, ಅತ್ತೆಗೂ ಗೊತ್ತು.

ಹೊಲದಾಚೆಯ ನಮ್ಮ ಹಳೇ ಬಸದಿಯ ತೊಲೆ ಬಿರುಕು ಬಿಟ್ಟಿದೆಯಲ್ಲ, ಅದು ಈ ಮಳೆಗಾಲ ದಾಟುವುದು ಕಷ್ಟವೆಂದು ಕಲ್ಲು ಕಟ್ಟುವ ಗೌಂಡಿ ಹೇಳಿದ. ಹಳೇ ಗುಡಿಗಳನ್ನು ಉಳಿಸಲು ಸರಕಾರ ಹಣ ಕೊಡುತ್ತದೆಂದು ಅಪ್ಪ ಅರ್ಜಿ ಹಾಕಿದ. ಆದರೆ ಹಣ ಪಾಳುಬಿದ್ದ ಗುಡಿಗೆ ಮಾತ್ರವಂತೆ. ಪೂಜೆ ನಡೆಯುವ ಗುಡಿಯನ್ನು ಪೂಜೆ ಮಾಡುವವರೇ ನೋಡಿಕೊಳ್ಳಬೇಕಂತೆ. ಅದಕ್ಕೇ ನೀನು ಅತ್ತ ಹೋದ ಮೇಲೆ ಅಪ್ಪ ಮೂರ್ತಿಯನ್ನು ಮನೆಗೆ ತಂದ, ದೀಪದ ಮಸಿ ತಿಕ್ಕಿ ತೆಗೆದ. ನೀನು ಸುಳ್ಳಾಡುವುದಿಲ್ಲವೆಂದು ಮುನಿಗಳ ಮುಂದೆ ವ್ರತ ಹಿಡಿದವಳು. ನೀನಿದ್ದರೆ ಈ ಆಟ ನಡೆಯುತ್ತಿತ್ತೇ?

ಗುರುವಾರ ಬಸದಿ ನೋಡಲು ಸರಕಾರದ ಸಾಹೇಬರು ಬಂದರು. ನಾನು ಅವರ ಬೆನ್ನು ಬಿಡಲಿಲ್ಲ. ಅವರು ಕಂಬಗಳನ್ನು ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಾರೆ ಆಯಿ, ನೀನು ಮಡಕೆ ಕೊಳ್ಳುವಾಗ ಕೇಳುತ್ತೀಯಲ್ಲ ಹಾಗೆ. ನಾನೂ ಬಡಿದು ನೋಡಿದೆ. ಒಂದು ಕಂಬದ ಸದ್ದು ಗಟ್ಟಿ, ಪಕ್ಕದ್ದು ಟೊಳ್ಳು. ಇಷ್ಟು ವರ್ಷ ಅಲ್ಲೇ ಆಡಿ ಬೆಳೆದರೂ ನನಗೆ ಇದು ತಿಳಿದಿರಲಿಲ್ಲ. ಚಾವಣಿಯಲ್ಲಿ ಕೆತ್ತಿದ ಕಲ್ಲಿನ ಕಮಲ ಕಂಡು ಅವರು ಟೊಪ್ಪಿಗೆ ತೆಗೆದು ನಿಂತುಬಿಟ್ಟರು. ಇದನ್ನು ಉಳಿಸಲೇಬೇಕೆಂದರು. ಅಪ್ಪನ ಮುಖ ಅರಳಿತು.

ಅಷ್ಟರಲ್ಲಿ ನಿನ್ನ ಪೂಜೆ ಮುಗಿಯುವ ಹೊತ್ತಾಯಿತು. ದೇವರಿಗೆ ಏರಿಸಿದ ಅಕ್ಕಿಯನ್ನು ನಾವು ತಿನ್ನುವಂತಿಲ್ಲವೆಂದು ನೀನು ದಿನಾ ಹೊಸ್ತಿಲಾಚೆ ಚೆಲ್ಲುತ್ತೀಯಲ್ಲ, ಆ ಗುಬ್ಬಿಗಳೆಲ್ಲ ಬಂದು ಕೂತವು. ಅಲ್ಲಿ ಒಂದು ಕಾಳೂ ಇಲ್ಲ. ಅಪ್ಪ ಟವೆಲು ಬೀಸಿ ಓಡಿಸಿದ. ಮತ್ತೆ ಅಲ್ಲಿಗೇ ಬಂದವು. ಸಾಹೇಬರು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು: "ಇವು ಯಾರ ಹಾದಿ ನೋಡಾಕತ್ತಾವ, ತಂಗಿ?"

"ನಮ್ಮ ಆಯೀದು ರೀ," ಅಂದುಬಿಟ್ಟೆ.

ಅವರು ಬೈಯಲಿಲ್ಲ. ಪೂಜೆ ಕಾಯಂ ನಿಲ್ಲಿಸಿ ಬಸದಿಗೆ ಬೀಗ ಹಾಕಲು ಒಪ್ಪಿದರೆ ಮಾತ್ರ ಹಣ ಬರುತ್ತದೆ, ಸೋಮವಾರದೊಳಗೆ ತಿಳಿಸಿ ಎಂದು ಹೋದರು. ಅಂದಿನಿಂದ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ. ನನಗೆ ಅಳು ಬರುತ್ತದೆ. ಆ ಕಮಲ ಮಳೆಗೆ ಕೆಳಗೆ ಬಿದ್ದರೆ ಅದು ನನ್ನ ಬಾಯಿಂದಲೇ ಆದಂತೆ. ಬೀಗ ಹಾಕಿದರೆ ನಿನಗೆ ಯಾವ ಮುಖ ತೋರಿಸಲಿ? ನೀನಾಗಿದ್ದರೆ ಏನು ಮಾಡುತ್ತಿದ್ದೆ, ಹೇಳಿ ಕಳಿಸು.

ನಿನ್ನ ಮುದ್ದಿನ
ಬ್ರಾಹ್ಮಿ

ತಾ.ಕ.: ಬರೆದಿಟ್ಟ ಈ ಪತ್ರವನ್ನು ಟಪಾಲಿಗೆ ಹಾಕುವ ಮೊದಲು, ಇಂದು ಬೆಳಿಗ್ಗೆ ಗುಬ್ಬಿಗಳಿಗೆಂದು ಹಿಡಿ ಅಕ್ಕಿ ಒಯ್ದೆ. ಹೊಸ್ತಿಲಾಚೆ ಯಾರೋ ಆಗಲೇ ಚೆಲ್ಲಿದ್ದರು. ಒಳಗೆ ಮೂರ್ತಿ ತನ್ನ ಜಾಗದಲ್ಲಿತ್ತು. ಅಪ್ಪ ಒದ್ದೆ ಧೋತರದಲ್ಲಿ, ಬಿರುಕು ಬಿಟ್ಟ ತೊಲೆಗೆ ನಮ್ಮ ಹಿತ್ತಲಿನ ಬೇವಿನ ದಿಮ್ಮಿ ಆಸರೆ ನಿಲ್ಲಿಸುತ್ತಿದ್ದ. ನನ್ನ ಕಡೆ ತಿರುಗದೆಯೇ, "ಅವ್ವಗ ಬಾ ಅಂತ ಬರಿ," ಅಂದ.