ಸಿಡಿಲುಕಲ್ಲು ಕೊಯ್ಸಿದ ಸುದ್ದಿ

ಓನ್ಚೀನೊ
೧೪ ಅಕ್ಟೋಬರ್ ೧೯೮೭

ಮುದ್ದು ಡೆಲ್ಫೀನಾ,

ಆಗಸ್ಟಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಭಾನುವಾರ ನಿಮ್ಮಪ್ಪನ ಮುಂದೆ ಆಡಿಬಿಟ್ಟೆ. ಅಟ್ಟದ ತೊಲೆಯಿಂದ ಸಿಡಿಲುಕಲ್ಲನ್ನು ಇಳಿಸಿ ನಿನ್ನ ಕೈಗೆ ಕೊಟ್ಟವಳು ನಾನೇ ಎಂದೆ. ಅವತ್ತು ಅವರು ಕಲ್ಲನ್ನು ಕಿತ್ತುಕೊಂಡು ನಿನ್ನನ್ನು ಕಳ್ಳಿ ಎಂದು ಕೂಗಾಡಿದಾಗ ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ. ನೀನು ನನ್ನ ಹೆಸರು ಹೇಳದೆ ಬಸ್ಸು ಹತ್ತಿದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ ಮಗಳೇ.

ಅವರ ಸಿಟ್ಟು ನಿನಗೂ ಗೊತ್ತಿದ್ದದ್ದೇ. ಸಿಡಿಲಿನ ಜೊತೆ ಆಕಾಶದಿಂದ ಬಿದ್ದ ಕಲ್ಲು, ಅದಿರುವ ಮನೆಗೆ ಸಿಡಿಲು ಬಡಿಯುವುದಿಲ್ಲ ಎಂದು ಅವರಜ್ಜ ಹೇಳಿಹೋಗಿದ್ದರು. ಟೊರಿನೊದಲ್ಲಿ ಕಲ್ಲುಗಳ ವಿದ್ಯೆ ಓದುವ ನೀನು ಬಂದು, ಇದು ಹಿಂದಿನ ಕಾಲದವರು ಉಜ್ಜಿ ಮಾಡಿದ ಕೊಡಲಿ, ನೆಲದಾಳದಿಂದ ಎದ್ದುಬಂದ ಕಲ್ಲು, ಪರೀಕ್ಷೆಗೆ ಒಂದು ಚೂರು ಕೊಯ್ದು ಕೊಡಿ ಎಂದರೆ!

ನನ್ನ ಮಾತು ಕೇಳಿ ಚಮಚ ಕೆಳಗಿಟ್ಟರು. "ಅಯ್ಯೋ ಮಾರಾಯ್ತಿ, ಎರಡು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಈಗ ಆ ಹುಡುಗಿ ಮುಖ ನಾನು ಹೆಂಗೆ ನೋಡ್ಲಿ?" ಎಂದವರೇ ಎದ್ದು ಹುಲ್ಲುಗಾವಲಿಗೆ ಹೋದರು. ಜೇಬಿನಲ್ಲಿ ಕಲ್ಲೂ ಇತ್ತು, ನೀನು ಬಿಟ್ಟುಹೋದ ಭೂತಗನ್ನಡಿಯೂ ಇತ್ತು. ನಮ್ಮ ಹಸುಗಳು ಮೈ ತಿಕ್ಕುವ ಆ ಹಸಿರು ಬಂಡೆ ಇದೆಯಲ್ಲ, ಅದರಲ್ಲೂ ಸಿಡಿಲುಕಲ್ಲಿನಲ್ಲಿರುವಂಥವೇ ಕೆಂಪು ಕಾಳುಗಳಂತೆ. ಸಂಜೆ ಬಂದು ಬಾಗಿಲಲ್ಲೇ ನಿಂತರು. "ಒಟ್ಟಾವಿಯಾ, ಆಕಾಶ ಅಷ್ಟು ದೊಡ್ಡದನ್ನ ಎಸೆಯಲ್ಲ ಕಣೇ."

ನೀನು ಹೇಳಿಕೊಟ್ಟಿದ್ದನ್ನು ನಾನು ಒಪ್ಪಿಸಿದೆ. ಒಂದು ಕಾಲದ ಕಡಲ ತಳ ಭೂಮಿಯೊಳಗೆ ಎಂಬತ್ತು ಕಿಲೋಮೀಟರ್ ಕೆಳಗೆ ಇಳಿದುಹೋಗಿ, ಒತ್ತಡಕ್ಕೆ ಹೀಗೆ ಭಾರದ ಹಸಿರು ಕಲ್ಲಾಯಿತು ಎಂದೆ.

"ಭಾರದ್ದು ಮುಳುಗಬೇಕು. ಮೇಲೆ ಹೆಂಗೆ ಬಂತು?"

ಸುತ್ತಲಿನ ಹಗುರ ಕಲ್ಲು ಅದನ್ನು ತಬ್ಬಿಕೊಂಡು ಮೇಲೇರಿತಂತೆ, ಮೇಲಿದ್ದ ಬೆಟ್ಟವೂ ಸವೆದು ದಾರಿ ಬಿಟ್ಟಿತಂತೆ ಎಂದೆ.

"ಹಂಗಾದ್ರೆ ನಿನ್ನ ಕಟ್ಕೊಂಡು ನಾನು ಮೇಲೆ ಬಂದಂಗೆ ಅನ್ನು," ಎಂದು ನಕ್ಕರು. ಮೂವತ್ತು ವರ್ಷದಲ್ಲಿ ನನ್ನನ್ನು ಹೊಗಳಿದ್ದು ಇದು ಎರಡನೇ ಸಲ. ಮೊದಲನೆಯದು ನನ್ನ ಚೀಸಿಗೆ ಸಿಕ್ಕಿತ್ತು.

ಸೋಮವಾರ ಸಮಾಧಿಕಲ್ಲು ಕೊಯ್ಯುವ ಜುಸ್ತೊ ಹತ್ತಿರ ಹೋದರು. ಉಗುರಿನಷ್ಟು ಸಾಕಂತೆ ಎಂದು ನಾನು ಹೇಳಿದರೂ ಕೇಳದೆ ಸರಿಯಾಗಿ ಅರ್ಧಕ್ಕೇ ಕೊಯ್ಸಿದರು. ಮಧ್ಯಾಹ್ನದವರೆಗೆ ಗರಗಸ ಕಿರುಚಿತಂತೆ, ಅಷ್ಟು ಗಟ್ಟಿ. ಹರಿತದ ಕಡೆಯ ಅರ್ಧ ಮತ್ತೆ ತೊಲೆ ಏರಿತು. ಆಕಾಶದ್ದಲ್ಲ ಅಂತ ಒಪ್ಪಿದಿರಲ್ಲರೀ ಎಂದು ಕೆಣಕಿದೆ.

"ನನಗೆ ಗೊತ್ತಾಯ್ತು. ಸಿಡಿಲಿಗೆ ಯಾರು ಹೇಳ್ತಾರೆ?" ಎಂದರು.

ನನ್ನ ಮನಸ್ಸು ಎಷ್ಟು ಹಗುರವಾಗಿದೆ ಗೊತ್ತೇ? ಬಟ್ಟೆ ಒಗೆಯುತ್ತಾ ಹಾಡಿಕೊಂಡೆ. ಚೆನ್ನಾಗಿ ಓದು, ಹೊಟ್ಟೆ ತುಂಬ ಉಣ್ಣು, ಈ ಪುಕ್ಕಲಿಯನ್ನು ಕ್ಷಮಿಸು.

ನಿನ್ನ ಅಮ್ಮ,
ಒಟ್ಟಾವಿಯಾ

ತಾ.ಕ.: ನಿನ್ನ ಪಾಲಿನ ಅರ್ಧಕ್ಕೆ ಅಂಚೆಯವನ ದಾರಿ ಕಾಯಬೇಡ. ಸೈನ್ಯ ಬಿಟ್ಟ ಮೇಲೆ ಟೊರಿನೊಗೆ ಕಾಲಿಡದ ನಿಮ್ಮಪ್ಪನೇ ಮಂಗಳವಾರದ ಬಸ್ಸಿಗೆ ತರುತ್ತಿದ್ದಾರೆ. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಈಗ ಹಿತ್ತಲಲ್ಲಿ ಕಟ್ಟಿಗೆ ಸೀಳುತ್ತಾ, "ತಪ್ಪಾಯ್ತು ಮಗಳೇ" ಎಂದು ಒಬ್ಬರೇ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಾರೆ. ಅಲ್ಲಿ ಬಂದು ತಡವರಿಸಿದರೆ ನಗಬೇಡ ಕಣಮ್ಮಾ.