ಹತ್ತೂ ಹತ್ತಕ್ಕೆ ನಿಲ್ಲಿಸಿದ ಗಡಿಯಾರ

ವಿಮಾನ ಸ್ಫೋಟ ತನಿಖಾ ಆಯೋಗದ ಮಾನ್ಯ ಅಧ್ಯಕ್ಷರೇ,

ನನ್ನ ಸೊಸೆ ವಿಮಾನದಲ್ಲಿ ಬಾಂಬ್ ಇಡಲಿಲ್ಲ. ಇದು ನನಗೂ ಗೊತ್ತು, ತಮಗೂ ಗೊತ್ತು. ನನಗೆ ಗೊತ್ತಿರುವುದನ್ನು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ತಮಗೆ ಗೊತ್ತಿರುವುದನ್ನು ತಾವು ಬಾಯಿಬಿಟ್ಟು ಹೇಳುತ್ತಿಲ್ಲ. ಅದರ ಫಲವಾಗಿ, ಸತ್ತವರ ಸ್ಮಾರಕದ ಕಲ್ಲಿನ ಮೇಲೆ ಉಳಿದೆಲ್ಲರ ಹೆಸರಿದೆ, ಅವಳದಿಲ್ಲ. ಬರುವ ವಾರ ಆ ಕಲ್ಲಿನ ಮೇಲಿನ ಪರದೆ ಸರಿಸಲು ತಾವೇ ದಯಮಾಡಿಸುತ್ತೀರಂತೆ. ತಮ್ಮ ಕಚೇರಿಗೆ ನಾನು ಕಳಿಸಿದ ಮನವಿಗಳು ಯಾವ ಕಪಾಟಿನಲ್ಲಿ ನಿದ್ದೆ ಹೋಗಿವೆಯೋ ತಿಳಿಯದು. ಆದ್ದರಿಂದ ಈ ಸಲ ಊರೆಲ್ಲ ಓದುವ ಹಾಗೆ ಪತ್ರಿಕೆಗೇ ಬರೆಯುತ್ತಿದ್ದೇನೆ.

ನಮ್ಮದು ಗಡಿಯಾರ ರಿಪೇರಿ ಅಂಗಡಿ. ಒಂದು ಬಾಗಿಲು, ಒಂದು ಗಾಜಿನ ಕಪಾಟು, ಬೆಳಕು ಬೀಳುವ ಕಡೆಗೆ ಎರಡು ಮೇಜು. ಒಂದು ನನ್ನದು, ಒಂದು ಸೊಸೆಯದು. ನನ್ನ ಗಂಡನಿಂದ ನಾನು ಕಲಿತೆ, ನನ್ನಿಂದ ಅವಳು ಕಲಿತಳು, ಕಲಿತು ನನ್ನನ್ನೇ ಮೀರಿಸಿದಳು. ಅವಳ ತವರಿನಲ್ಲಿ ಅವಳಪ್ಪನ ಗೋಡೆ ಗಡಿಯಾರ ಎಷ್ಟೋ ವರ್ಷದಿಂದ ಬಾರಿಸುವುದನ್ನೇ ಬಿಟ್ಟಿತ್ತು. ಅದನ್ನು ತರಿಸಿಕೊಂಡು, ಬಿಚ್ಚಿ, ತೊಳೆದು, ಮತ್ತೆ ಬಾರಿಸುವಂತೆ ಮಾಡಿ, ಅಪ್ಪನ ಗೋಡೆಗೆ ತಾನೇ ತೂಗುಹಾಕಬೇಕೆಂದು ಹೊರಟಿದ್ದಳು. ಬಸ್ಸಿನಲ್ಲಿ ಹೋಗೇ ಎಂದರೆ, “ಬಸ್ಸಲ್ಲಿ ಕುಲುಕಿ ಕುಲುಕಿ ಎಲ್ಲಾ ಸಡಿಲ ಆಗುತ್ತೆ ಅತ್ತೆ, ಮತ್ತೆ ನೀವೇ ಬಯ್ತೀರಿ,” ಎಂದಳು. ಗಡಿಯಾರವನ್ನು ಸುತ್ತಲು ಮನೆಯಲ್ಲಿ ಬೇರೆ ಬಟ್ಟೆಯೇ ಇಲ್ಲವೆಂಬಂತೆ ನನ್ನ ಉಣ್ಣೆಯ ಶಾಲು ಎಳೆದುಕೊಂಡಳು. ನಾನು ರೇಗಿದೆ, ಅವಳೂ ರೇಗಿದಳು. ಕೊನೆಗೆ ಶಾಲು ಅವಳ ಪೆಟ್ಟಿಗೆಗೇ ಹೋಯಿತು. ಈ ಜಗಳವನ್ನು ತಾವು ನೆನಪಿಟ್ಟುಕೊಂಡಿರಬೇಕು, ಏಕೆಂದರೆ ಅದು ತಮ್ಮ ವರದಿಯಲ್ಲಿದೆ.

ಹೌದು, ತಮ್ಮ ಘನ ವರದಿ. ಅದರಲ್ಲಿ ‘ಪರ್ಯಾಯ ಸಾಧ್ಯತೆಗಳು’ ಎಂಬ ಒಂದು ಅಧ್ಯಾಯವಿದೆ. ಮೊದಲನೆಯ ಸಾಧ್ಯತೆ, ನೆಲದಿಂದ ಯಾರೋ ಕ್ಷಿಪಣಿ ಹಾರಿಸಿದರು. ಎರಡನೆಯದು, ವಿಮೆಯ ದುಡ್ಡಿಗಾಗಿ ಕಂಪನಿಯೇ ತನ್ನ ವಿಮಾನವನ್ನು ಉರುಳಿಸಿತು. ಮೂರನೆಯದು, ‘ಗಡಿಯಾರದ ಹೆಂಗಸು’ ಬಾಂಬ್ ಒಯ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಾಲಕ್ಕೂ ಇದ್ದಾರೆ, ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಆದರೆ ಕರುವಿಗೆ ಹಗ್ಗ ಹೊಸೆದು ಕೊಡುವುದಕ್ಕೆ ಒಂದು ಆಯೋಗ ಬೇಕಿತ್ತೇ? ಟೀವಿಯವರು ಬೊಬ್ಬೆ ಹೊಡೆದಿದ್ದನ್ನೆಲ್ಲ ತಂದು, ಅಚ್ಚು ಹಾಕಿ, ಕೆಳಗೆ ‘ಸಂಪೂರ್ಣವಾಗಿ ತಳ್ಳಿಹಾಕಲಾಗದು’ ಎಂದು ಒಂದು ಸಾಲು ಸೇರಿಸುವುದಕ್ಕೆ ಇಷ್ಟೊಂದು ಕಾರು, ಇಷ್ಟೊಂದು ಗುಮಾಸ್ತರು ಬೇಕಿತ್ತೇ?

ಅವಳ ವಿರುದ್ಧ ಇರುವ ಸಾಕ್ಷ್ಯವಾದರೂ ಏನು? ತಪಾಸಣೆಯ ಮೇಜಿನ ಮೇಲೆ ಅವಳು ಶಾಲು ಬಿಚ್ಚಿ ಗಡಿಯಾರ ತೋರಿಸುತ್ತಿರುವ ಒಂದು ಚಿತ್ರ. ಟೀವಿಯವರು ಅದರ ಮುಳ್ಳುಗಳ ಸುತ್ತ ಕೆಂಪು ವೃತ್ತ ಎಳೆದರು. ಮುಳ್ಳುಗಳು ತೋರಿಸುತ್ತಿದ್ದದ್ದು ಹತ್ತು ಗಂಟೆ ಹತ್ತು ನಿಮಿಷ. ವಿಮಾನ ಒಡೆದದ್ದೂ ಹತ್ತು ದಾಟಿದ ಮೇಲೆಯೇ. ತಗೊಳ್ಳಿ, ಸಿಕ್ಕೇಬಿಟ್ಟಳು! ಸ್ವಾಮೀ, ತಾವು ಜೀವಮಾನದಲ್ಲಿ ಒಮ್ಮೆಯಾದರೂ ವಾಚಿನ ಅಂಗಡಿಯ ಮುಂದೆ ನಿಂತವರಲ್ಲವೇ? ಓಡದ ಗಡಿಯಾರವನ್ನು ಕಪಾಟಿನಲ್ಲಿಡುವಾಗ ಎಲ್ಲರೂ ಹತ್ತೂ ಹತ್ತಕ್ಕೇ ಇಡುತ್ತಾರೆ. ಎರಡು ಮುಳ್ಳು ಎರಡು ಕಡೆ ಎತ್ತಿಕೊಂಡು ನಗುವ ಮುಖ ಬಿಡಿಸಿದಂತೆ ಕಾಣುತ್ತದೆ, ನಡುವೆ ಕಂಪನಿಯ ಹೆಸರು ಮರೆಯಾಗುವುದಿಲ್ಲ. ನಮ್ಮ ಅಂಗಡಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಪ್ರಯಾಣಕ್ಕೆಂದು ಲೋಲಕ ಬಿಚ್ಚಿ ನಿಲ್ಲಿಸಿದ ಗಡಿಯಾರ ಹತ್ತೂ ಹತ್ತು ತೋರಿಸದೆ ಹೊಸ್ತಿಲು ದಾಟುವಂತಿಲ್ಲ. ಕೆಟ್ಟು ನಿಂತದ್ದಲ್ಲ, ನಾವೇ ನಿಲ್ಲಿಸಿದ್ದು ಎಂದು ತೆಗೆದುಕೊಂಡವರಿಗೆ ತಿಳಿಯಲಿ ಎಂದು ನನ್ನ ಗಂಡ ಮಾಡಿದ ಪದ್ಧತಿ. ಅವಳು ಆ ಪದ್ಧತಿ ತಪ್ಪಲಿಲ್ಲ, ಅಷ್ಟೆ. ಅದು ಅಪರಾಧವಾದರೆ ಊರಿನ ವಾಚಿನ ಅಂಗಡಿಯವರನ್ನೆಲ್ಲ ಹಿಡಿದು ಒಳಗೆ ಹಾಕಿ, ಮೊದಲು ನನ್ನನ್ನೇ ಹಾಕಿ.

ಇನ್ನು ನಾಲ್ಕನೆಯ ಸಾಧ್ಯತೆ. ಅದು ನಾನೇ. ‘ಅತ್ತೆಯ ಕಿರುಕುಳದಿಂದ ಬೇಸತ್ತು ಪ್ರಾಣ ಕಳೆದುಕೊಳ್ಳಲು ನಿರ್ಧರಿಸಿರಬಹುದು.’ ಇದಕ್ಕೆ ಆಧಾರ, ಪಕ್ಕದ ಮನೆಯಾಕೆ ಮೈಕಿನ ಮುಂದೆ ಹೇಳಿದ ಮಾತು: “ಹೊರಡೋ ದಿನಾನೂ ಜಗಳ ಆಡ್ತಿದ್ರು, ನಾನೇ ಕಿವಿಯಾರೆ ಕೇಳಿದೀನಿ.” ಕೇಳಿರುತ್ತಾಳೆ. ನಾವಿಬ್ಬರೂ ಸೂಜಿ ಮೊನೆಯಷ್ಟು ತಿರುಪಿಗೂ ಜಗಳವಾಡಿದವರೇ. ಅತ್ತೆ ಸೊಸೆ ಜಗಳವಾಡಿದ್ದಕ್ಕೆಲ್ಲ ವಿಮಾನ ಬೀಳುವುದಾದರೆ ಆಕಾಶದಲ್ಲಿ ಹಕ್ಕಿಗಳು ಮಾತ್ರ ಉಳಿಯುತ್ತಿದ್ದವು.

ಈಗ ತಮಗೆ ಗೊತ್ತಿದೆ ಎಂದೆನಲ್ಲ, ಅದು ನನಗೆ ಹೇಗೆ ಗೊತ್ತು ಎಂದು ಹೇಳುತ್ತೇನೆ. ವಸ್ತುಗಳನ್ನು ಗುರುತಿಸಲು ತಮ್ಮವರು ನನ್ನನ್ನೂ ಮಗನನ್ನೂ ಒಂದು ಉಗ್ರಾಣಕ್ಕೆ ಕರೆಸಿದ್ದರು. ತಗಡಿನ ಮಾಡು, ಉದ್ದುದ್ದ ಮೇಜುಗಳು, ಮೇಜಿನ ಮೇಲೆ ಒಂಟಿ ಚಪ್ಪಲಿಗಳು, ಕನ್ನಡಕಗಳು. ಅವಳ ಪೆಟ್ಟಿಗೆಯ ಮೂಲೆ ಜಜ್ಜಿತ್ತು. ಒಳಗೆ ಗಡಿಯಾರ ಸುತ್ತಿದ ಶಾಲು ಹಾಗೆಯೇ ಇತ್ತು, ಒಂದು ಎಳೆಯೂ ಸುಟ್ಟಿರಲಿಲ್ಲ. ಮಗ ಅದನ್ನು ಮುಟ್ಟಿದ, ಮುಖಕ್ಕೆ ಹಿಡಿದುಕೊಂಡ. ತಮ್ಮ ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ತಂದು ಕೊಟ್ಟ.

“ಅಮ್ಮಾ, ಇದು ಮುಂದಿನ ಭಾಗದಲ್ಲಿದ್ದ ಸಾಮಾನು. ಬಾಂಬ್ ಇದ್ದದ್ದು ಹಿಂದಿನ ಭಾಗದಲ್ಲಿ, ಯಾರದ್ದೂ ಅಲ್ಲದ ಒಂದು ಪೆಟ್ಟಿಗೇಲಿ. ನಿಮ್ಮ ಸೊಸೆಗೂ ಅದಕ್ಕೂ ಸಂಬಂಧಾನೇ ಇಲ್ಲ. ನಮಗೆಲ್ಲ ಗೊತ್ತು.”

“ಗೊತ್ತಿದ್ರೆ ಹೊರಗೆ ಹೇಳಪ್ಪಾ.”

“ಅದು ನನ್ನ ಕೈಲಿಲ್ಲಮ್ಮ, ಮೇಲಿನವರು ಹೇಳ್ಬೇಕು.”

ಆ ಮೇಲಿನವರು ತಾವು. ಬಾಂಬ್ ಹಿಂದಿನ ಭಾಗದಲ್ಲಿತ್ತು ಎಂದು ತಮ್ಮ ವರದಿಯಲ್ಲೇ ಇದೆ. ಅವಳ ಪೆಟ್ಟಿಗೆ ಮುಂದಿನ ಭಾಗದಲ್ಲಿತ್ತು ಎಂದೂ ಇದೆ. ಎರಡನ್ನೂ ಬರೆದವರು ಎರಡನ್ನೂ ಕೂಡಿಸಿ ಒಂದು ಮಾತು ಹೇಳದೆ ಅಡ್ಡಗೋಡೆಯ ಮೇಲೆ ದೀಪವಿಟ್ಟಿರಿ. ಏಕೆ? ನನಗೆ ತೋರುವುದು ಇಷ್ಟು. ಯಾರದ್ದೂ ಅಲ್ಲದ ಪೆಟ್ಟಿಗೆ ಒಳಗೆ ಹೋದದ್ದು ಹೇಗೆ ಎಂದು ಜನ ಕೇಳುತ್ತಾರೆ. ಆ ದಿನ ತಪಾಸಣೆಯ ಯಂತ್ರ ಕೆಟ್ಟಿತ್ತು, ಕೈಯಾರೆ ಬಿಚ್ಚಿ ತೋರಿಸಿದ್ದು ಬಿಟ್ಟರೆ ಉಳಿದ ಸಾಮಾನೆಲ್ಲ ಹಾಗೆಯೇ ಒಳಗೆ ಹೋಯಿತು ಎಂದು ತಾವು ಅಡಿಟಿಪ್ಪಣಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದೀರಿ. ಹಾಗಾದರೆ ಅದನ್ನು ರಿಪೇರಿ ಮಾಡಿಸದವರು ಯಾರು, ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಎಂಬ ಪ್ರಶ್ನೆ ಬರುತ್ತದೆ. ಜನ ಕ್ಷಿಪಣಿ, ವಿಮೆ, ಗಡಿಯಾರ, ಅತ್ತೆ ಎಂದು ಹರಟುತ್ತಿರುವಷ್ಟು ಕಾಲ ಆ ಪ್ರಶ್ನೆ ಬರುವುದಿಲ್ಲ. ತಮ್ಮವರ ಕುರ್ಚಿ ಉಳಿಯಲು ನನ್ನ ಸೊಸೆಯ ಹೆಣವನ್ನು ಅಡ್ಡ ಹಿಡಿದಿದ್ದೀರಿ. ಥೂ! ಮುದ್ರಿಸುವವರು ಈ ಅಕ್ಷರವನ್ನು ತೆಗೆಯಬಾರದೆಂದು ಕೋರುತ್ತೇನೆ.

ಇದರಿಂದ ಏನಾಗಿದೆ ಗೊತ್ತೇ? ಸ್ಮಾರಕದ ಕೆಲಸ ನೋಡಲು ಹೋದಾಗ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ನನ್ನ ಮಗನ ಎದುರು ನಿಂತು, “ನಿನ್ನ ಹೆಂಡ್ತಿ ಹೆಸರು ನಮ್ಮವರ ಪಕ್ಕ ಬೇಡ. ಆಯೋಗದವರೇ ಇಲ್ಲ ಅಂದಿಲ್ವಲ್ಲ,” ಎಂದಳು. ಆ ಹೆಣ್ಣಿನ ಮೇಲೆ ನನಗೆ ಕೋಪವಿಲ್ಲ, ಅವಳೂ ನನ್ನ ಹಾಗೆಯೇ ಉರಿಯುತ್ತಿದ್ದಾಳೆ. ಅವಳ ಕೈಗೆ ಆ ಮಾತು ಕೊಟ್ಟವರು ತಾವು. ಅಕ್ಷರ ಕೆತ್ತುವವರನ್ನು ಕೇಳಿದೆ. “ಜಾಗ ಬಿಟ್ಟಿದೀನಮ್ಮ. ಒಂದು ಹೊತ್ತಿನ ಕೆಲಸ. ಮೇಲಿಂದ ಒಂದು ಮಾತು ಬರಲಿ, ನಾನೇ ಬಂದು ಕೆತ್ತಿಕೊಡ್ತೀನಿ,” ಎಂದರು. ಮಗ ಈಗ ಕೆಲಸ ಮುಗಿಸಿ ಬರುವಾಗೆಲ್ಲ ಆ ಕಡೆ ಹೋಗಿ ಆ ಖಾಲಿ ಜಾಗದ ಮೇಲೆ ಕೈಯಿಟ್ಟು ನಿಂತು ಬರುತ್ತಾನೆ. ಮನೆಯಲ್ಲಿ ಅವನ ಬೆರಳಿಗೆ ಹತ್ತಿದ ಕಲ್ಲಿನ ಪುಡಿ ನೋಡಿ ನಾನು ಒಳಗೆ ಹೋಗಿ ಅಳುತ್ತೇನೆ.

ಆದ್ದರಿಂದ ನನ್ನ ಬೇಡಿಕೆ. ಪರದೆ ಸರಿಸುವ ಮೊದಲು ತಾವು ಮೈಕಿನ ಮುಂದೆ ನಿಂತು ಒಂದೇ ಒಂದು ವಾಕ್ಯ ಹೇಳಬೇಕು: ಆಕೆಗೂ ಈ ಬಾಂಬಿಗೂ ಸಂಬಂಧವಿಲ್ಲ, ಆಕೆಯೂ ಸತ್ತವರಲ್ಲಿ ಒಬ್ಬಳು. ‘ಬಹುದು’ ಬೇಡ, ‘ಸಾಧ್ಯತೆ’ ಬೇಡ. ಆ ಹೆಸರು ಕಲ್ಲಿನ ಮೇಲೆ ಬರಬೇಕು. ಬಾರದಿದ್ದರೆ ಆ ದಿನ ನಾನು ಖಾಲಿ ಜಾಗದ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತೇನೆ, ತಮ್ಮ ಫೋಟೋದಲ್ಲೆಲ್ಲ ನಾನೂ ಬರುತ್ತೇನೆ.

ಹಾಗೆಯೇ ಸಾಕ್ಷ್ಯವೆಂದು ತಮ್ಮವರು ಇಟ್ಟುಕೊಂಡಿರುವ ಗಡಿಯಾರವನ್ನು ಹಿಂದಿರುಗಿಸಿ. ಅವಳಪ್ಪ ಗೋಡೆಯ ಮೊಳೆಯನ್ನು ಇನ್ನೂ ಕಿತ್ತಿಲ್ಲ. ನಾನೇ ಒಯ್ದು ತೂಗುಹಾಕಿ, ಲೋಲಕ ಸೇರಿಸಿ, ಕೀಲಿ ಕೊಟ್ಟು, ಮುಳ್ಳುಗಳನ್ನು ಹತ್ತೂ ಹತ್ತರಿಂದ ಬಿಡಿಸುತ್ತೇನೆ. ಶಾಲನ್ನೂ ಕೊಡಿ. ಅದನ್ನು ಮಗನಿಗೆ ಕೊಡಬೇಕು.

ಇಂತಿ,
ತಾವು ಇನ್ನೂ ತಳ್ಳಿಹಾಕದ
ನಾಲ್ಕನೆಯ ಸಾಧ್ಯತೆ